ಮನೆ ಬದಲಾದರೂ ಮಾತು ಉಳಿದರೆ: ಬ್ರೌಸರಿನಲ್ಲಿ ಅಣುರಚನೆ ತೋರಿಸುವ ತಂತ್ರಾಂಶಗಳ ಬಾಳಿಕೆ

(ಗಡಿನಾಡಿನ ಕನ್ನಡ ವಿದ್ಯಾರ್ಥಿಗಳಿಗಾಗಿ ನಡೆದ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡು ಪುನರುಕ್ತಿಗಳನ್ನು ಮಾತ್ರ ತೆಗೆಯಲಾಗಿದೆ. ಕೊನೆಯಲ್ಲಿ ಸಂವಾದದ ಭಾಗವಿದೆ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದುಕೊಳ್ತೇನೆ. ಇಲ್ಲಿ ಜೋರು ಮಳೆ. ಕರೆಂಟು ಹೋದರೆ ಮೊಬೈಲಿನಿಂದ ಮತ್ತೆ ಸೇರಿಕೊಳ್ತೇನೆ. ವಿಷಯದ ಹೆಸರು ಕಳಿಸಿದ ದಿನ ಸಂಯೋಜಕರು ಫೋನ್ ಮಾಡಿ, "ಅಲ್ಲಮ್ಮ, ನೀನು ಕನ್ನಡ ಎಂ.ಎ. ತಾನೇ? ಇದು ಕೆಮಿಸ್ಟ್ರಿಯವರ ವಿಷಯ ಅಲ್ವಾ?" ಅಂತ ಕೇಳಿದ್ರು. ಹೌದು ಸರ್, ನಾನು ಕನ್ನಡದವಳೇ. ಈ ವಿಷಯಕ್ಕೆ ಬಂದದ್ದು ಗ್ರಂಥಸಂಪಾದನೆಯ ಪತ್ರಿಕೆ ಓದುವಾಗ. ಒಂದು ಬರಹ ಹೇಗೆ ಉಳಿಯುತ್ತದೆ, ಯಾವುದು ಉಳಿದು ಯಾವುದು ಹಾಳಾಗುತ್ತದೆ, ಉಳಿದದ್ದನ್ನು ಓದುವವರು ಯಾರು ಎಂಬ ಪ್ರಶ್ನೆಗಳು ತಾಳೆಗರಿಗೆ ಮಾತ್ರ ಸೇರಿದವಲ್ಲ ಅಂತ ನನಗೆ ಮನೆಯಲ್ಲೇ ಗೊತ್ತಾಯ್ತು. ಅಲ್ಲಿಂದಲೇ ಶುರು ಮಾಡ್ತೇನೆ.

1. ಬೂದು ಬಣ್ಣದ ಚೌಕ

ನಾವು ಕಾಸರಗೋಡಿನವರು. ನನ್ನ ಅಕ್ಕ ಈಗ ವಯನಾಡಿನ ಒಂದು ಶಾಲೆಯಲ್ಲಿ ಜೀವಶಾಸ್ತ್ರದ ಟೀಚರ್. 2012ರಲ್ಲಿ ಬಿ.ಎಡ್. ಮಾಡುವಾಗ ನಮ್ಮೂರ ಹತ್ತಿರದ ಕನ್ನಡ ಮಾಧ್ಯಮದ ಮಕ್ಕಳಿಗೆ ತೋರಿಸಲಿಕ್ಕೆ ಅಂತ ಅವಳು ಕಂಪ್ಯೂಟರಿನಲ್ಲಿ ಒಂದು ಪಾಠ ತಯಾರಿಸಿದ್ದಳು. ಹಿಮೋಗ್ಲೋಬಿನ್ ಅಣು ಪರದೆಯ ಮೇಲೆ ನಿಲ್ಲುತ್ತದೆ, ಇಲಿಯಿಂದ ಹಿಡಿದು ತಿರುಗಿಸಬಹುದು. ಪಕ್ಕದಲ್ಲಿ ಆರು ಗುಂಡಿಗಳು. ಒಂದೊಂದು ಒತ್ತಿದಾಗ ಅಣುವಿನ ಒಂದೊಂದು ಭಾಗ ಬಣ್ಣ ಬದಲಿಸಿಕೊಂಡು ಎದ್ದು ಕಾಣ್ತದೆ, ಕೆಳಗೆ ಕನ್ನಡದಲ್ಲಿ ವಿವರಣೆ ಬರ್ತದೆ.

ಪಾಠದ ವಿಷಯ ಸಿಕಲ್ ಸೆಲ್ ಅನೀಮಿಯಾ. ಮಲಯಾಳದಲ್ಲಿ ಅದನ್ನು ಅರಿವಾಳ್ ರೋಗ ಅಂತಾರೆ, ಅಂದರೆ ಕುಡುಗೋಲು ರೋಗ. ಕೆಂಪು ರಕ್ತಕಣ ದುಂಡಗಿರುವ ಬದಲು ಕುಡುಗೋಲಿನ ಹಾಗೆ ಬಾಗುತ್ತದೆ. ಕಾಸರಗೋಡಿನ ಮಕ್ಕಳಿಗೆ ಇದು ಪುಸ್ತಕದ ಒಂದು ಪುಟ ಅಷ್ಟೆ. ವಯನಾಡಿನಲ್ಲಿ ಹಾಗಲ್ಲ. ಅಲ್ಲಿನ ಹಲವು ಆದಿವಾಸಿ ಸಮುದಾಯಗಳಲ್ಲಿ, ವಯನಾಡನ್ ಚೆಟ್ಟಿ ಸಮುದಾಯದಲ್ಲಿ ಈ ರೋಗ ಮನೆಯೊಳಗಿನ ಸಂಗತಿ. ಭಾರತದಲ್ಲಿ ಇದರ ಗುಣ ಮೊದಲು ದಾಖಲಾದದ್ದೂ ಪಕ್ಕದ ನೀಲಗಿರಿಯ ಜನರಲ್ಲಿ, 1952ರಲ್ಲಿ. ಹಾಗಾಗಿ ಅಕ್ಕ ವಯನಾಡಿಗೆ ಹೋದಾಗ ಆ ಪಾಠ ನಿಜವಾಗಿ ಬೇಕಾಯ್ತು. ತರಗತಿಯಲ್ಲಿ ಒಬ್ಬಳು ಹುಡುಗಿ ಕೇಳಿದಳಂತೆ: "ಟೀಚರೇ, ಅಂಟಿಕೊಳ್ತದೆ ಅಂದ್ರಲ್ಲ, ಎಲ್ಲಿ ಅಂಟಿಕೊಳ್ಳೋದು?" ಆ ಹುಡುಗಿಯ ಅಣ್ಣನಿಗೆ ಈ ಕಾಯಿಲೆ.

ಅಕ್ಕ ಪೆನ್‌ಡ್ರೈವ್ ಹಾಕಿ ಪಾಠ ತೆರೆದಳು. ಅಣು ಇರಬೇಕಾದ ಜಾಗದಲ್ಲಿ ಒಂದು ಬೂದು ಬಣ್ಣದ ಚೌಕ. ಕೆಳಗಿನ ಕನ್ನಡವೂ ಇಲ್ಲ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದರಿಂದ ಅಕ್ಷರಗಳ ಬದಲು ಏನೇನೋ ಗುರುತುಗಳು. ಐದು ವರ್ಷದ ಹಿಂದೆ ಸರಿಯಾಗಿ ನಡೆದ ಪಾಠ ಅದು. ಅವಳು ಯಾವ ಕಡತವನ್ನೂ ಕಳೆದುಕೊಂಡಿರಲಿಲ್ಲ, ಎಲ್ಲಾ ಇತ್ತು. ಓದುವವರು ಇರಲಿಲ್ಲ.

ಮುಂದಿನ ಮಾತೆಲ್ಲ ಈ ಚೌಕದ ಬಗ್ಗೆಯೇ. ನಾನು ಹೇಳಬೇಕಾದ್ದು ಒಂದೇ. ಬ್ರೌಸರಿನಲ್ಲಿ ಅಣು ತೋರಿಸುವ ತಂತ್ರಾಂಶ ಎಷ್ಟು ಕಾಲ ಬಾಳುತ್ತದೆ ಎನ್ನುವುದು ಅದು ಎಷ್ಟು ಚೆಂದ, ಎಷ್ಟು ವೇಗ ಎನ್ನುವುದರಿಂದ ನಿರ್ಧಾರವಾಗುವುದಿಲ್ಲ. ಅದಕ್ಕೊಂದು ಭಾಷೆ ಇದೆಯಾ, ಆ ಭಾಷೆಯನ್ನು ಮುಂದಿನ ತಂತ್ರಾಂಶ ಒಪ್ಪಿಕೊಳ್ತದಾ ಎನ್ನುವುದರಿಂದ ನಿರ್ಧಾರವಾಗುತ್ತದೆ.

2. ಮೂಲ, ವ್ಯಾಖ್ಯಾನ, ಓದುಗ

ಇಂಥ ಒಂದು ಪಾಠದಲ್ಲಿ ಮೂರು ಪದರ ಇರ್ತದೆ. ಮೊದಲನೆಯದು ದತ್ತಾಂಶ: ಯಾವ ಪರಮಾಣು ಎಲ್ಲಿದೆ ಎಂಬ ಪಟ್ಟಿ. ಎರಡನೆಯದು ನೋಟ: ಈ ಪಟ್ಟಿಯಲ್ಲಿ ಯಾವುದನ್ನು ತೋರಿಸಬೇಕು, ಯಾವ ಬಣ್ಣದಲ್ಲಿ, ಯಾವ ಕೋನದಿಂದ, ಯಾವ ಕ್ರಮದಲ್ಲಿ. ಮೂರನೆಯದು ಇವೆರಡನ್ನೂ ಓದಿ ಪರದೆಯ ಮೇಲೆ ಚಿತ್ರ ಬರೆಯುವ ತಂತ್ರಾಂಶ. ನಮ್ಮ ಮಾತಿನಲ್ಲಿ ಹೇಳುವುದಾದರೆ ಮೂಲ, ವ್ಯಾಖ್ಯಾನ, ಓದುಗ.

ಮೂಲದ ಕಥೆ ಸಮಾಧಾನ ಕೊಡುವಂಥದ್ದು. ಪ್ರೋಟೀನ್ ಡೇಟಾ ಬ್ಯಾಂಕ್ ಅಂತ ಒಂದು ಭಂಡಾರ ಇದೆ. 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಏಳು ರಚನೆಗಳಿಂದ ಶುರುವಾಯ್ತು. 2023ರ ಆರಂಭಕ್ಕೆ ಎರಡು ಲಕ್ಷ ದಾಟಿತು. ಅದರ ಹಳೆಯ ಕಡತದ ರೂಪ ಪಂಚ್ ಕಾರ್ಡಿನ ಕಾಲದ್ದು. ಒಂದು ಸಾಲಿಗೆ 80 ಅಕ್ಷರ, ಪ್ರತಿ ಅಂಕಣದಲ್ಲಿ ಏನಿರಬೇಕು ಅಂತ ಗೆರೆ ಹಾಕಿದ ಹಾಗೆ ನಿಗದಿ. ಯಾವ ವಿಶೇಷ ತಂತ್ರಾಂಶವೂ ಬೇಡ, ಸಾದಾ ನೋಟ್‌ಪ್ಯಾಡಿನಲ್ಲಿ ತೆರೆದರೂ ಕಣ್ಣಿಂದ ಓದಬಹುದು. ಮನುಷ್ಯರ ಹಿಮೋಗ್ಲೋಬಿನ್ನಿನ 4ಎಚ್‌ಎಚ್‌ಬಿ ಎಂಬ ರಚನೆ 1984ರದ್ದು. ಇವತ್ತೂ ಇಳಿಸಿಕೊಳ್ಳಬಹುದು.

ಆ ರೂಪಕ್ಕೂ ವಯಸ್ಸಾಯ್ತು. ಪರಮಾಣುವಿನ ಕ್ರಮಸಂಖ್ಯೆಗೆ ಐದೇ ಅಂಕಣ ಇದ್ದದ್ದರಿಂದ ಒಂದು ಕಡತದಲ್ಲಿ 99,999ಕ್ಕಿಂತ ಹೆಚ್ಚು ಪರಮಾಣು ಹಿಡಿಸುವುದಿಲ್ಲ. ಸರಪಳಿಯ ಹೆಸರಿಗೆ ಒಂದೇ ಅಕ್ಷರ. ದೊಡ್ಡ ರಚನೆಗಳನ್ನು ತುಂಡು ಮಾಡಿ ಹಲವು ಕಡತಗಳಲ್ಲಿ ಇಡಬೇಕಾಗ್ತಿತ್ತು. ಹಾಗಾಗಿ 2014ರಲ್ಲಿ ಎಂಎಂಸಿಐಎಫ್ ಎಂಬ ಇನ್ನೊಂದು ರೂಪವನ್ನು ಭಂಡಾರದ ಅಧಿಕೃತ ರೂಪ ಅಂತ ಮಾಡಿದರು. ಅದೂ ಓದಬಲ್ಲ ಅಕ್ಷರಗಳಲ್ಲೇ ಇದೆ. ಹಳೆಯ ದಾಖಲೆಗಳನ್ನೆಲ್ಲ ಹೊಸ ರೂಪದಲ್ಲೂ ಕೊಟ್ಟರು. ಓಲೆಯಿಂದ ಕಾಗದಕ್ಕೆ ಪ್ರತಿ ಮಾಡಿದ ಹಾಗೆ, ಆದರೆ ಒಂದೇ ಒಂದು ಓಲೆ ಬಿಡದೆ. ಇದಕ್ಕೆ 2003ರಿಂದ ಅಮೆರಿಕ, ಯುರೋಪು, ಜಪಾನಿನ ಕೇಂದ್ರಗಳು ಸೇರಿದ ಒಕ್ಕೂಟವೇ ಇದೆ. ಮೂಲಕ್ಕೆ ಮಠ ಇದೆ, ಭಂಡಾರ ಇದೆ, ಲಿಪಿಕಾರರಿದ್ದಾರೆ.

ವ್ಯಾಖ್ಯಾನಕ್ಕೆ ಯಾರಿದ್ದಾರೆ? ಅಕ್ಕನ ಆರು ಗುಂಡಿಗಳಿಗೆ ಯಾವ ಭಂಡಾರ ಇದೆ?

3. ಒಂದು ಭಾಷೆ, ನಾಲ್ಕು ಮನೆ

ಅಕ್ಕನ ಕಡತವನ್ನು ಕಳೆದ ವರ್ಷ ನಾನು ತೆರೆದು ನೋಡಿದೆ. ಕನ್ನಡ ಓದಲಿಕ್ಕೆ ಬರ್ಲಿಲ್ಲ. ಗುಂಡಿಗಳ ಹಿಂದೆ ಬರೆದಿದ್ದ ಆಜ್ಞೆಗಳು ಮಾತ್ರ ಸ್ಪಷ್ಟ ಇದ್ದವು. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಅಕ್ಷರದಲ್ಲಿ ಓದ್ತೇನೆ: "ಸೆಲೆಕ್ಟ್ ವ್ಯಾಲ್6. ಸ್ಪೇಸ್‌ಫಿಲ್. ಕಲರ್ ಯೆಲ್ಲೋ." ಅಂದರೆ, 6ನೇ ಸ್ಥಾನದ ವ್ಯಾಲೀನನ್ನು ಆರಿಸು, ಅದರ ಪರಮಾಣುಗಳನ್ನು ಗುಂಡುಗಳಾಗಿ ತುಂಬು, ಹಳದಿ ಬಣ್ಣ ಹಚ್ಚು. ಸಿಕಲ್ ಸೆಲ್ಲಿನ ಕಥೆಯೆಲ್ಲ ಈ ಜಾಗದಲ್ಲಿದೆ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 6ನೇ ಅಮೈನೋ ಆಮ್ಲ ಗ್ಲುಟಾಮಿಕ್ ಆಮ್ಲವಾಗಿರಬೇಕು. ಈ ರೋಗದಲ್ಲಿ ಅಲ್ಲಿ ವ್ಯಾಲೀನ್ ಕೂತಿರ್ತದೆ. ಬೇರೆಲ್ಲ ಹಾಗೇ, ಒಂದೇ ಒಂದು ಬದಲಾವಣೆ. ಗ್ರಂಥಸಂಪಾದನೆ ಓದಿದವರಿಗೆ ಇದು ಹೊಸತಲ್ಲ. ಒಂದು ಅಕ್ಷರ ತಪ್ಪಿದರೆ ಅರ್ಥ ಎಲ್ಲಿಗೋ ಹೋಗ್ತದೆ.

ಈ ಮೂರು ಸಣ್ಣ ವಾಕ್ಯಗಳ ವಂಶಾವಳಿ ಹುಡುಕುತ್ತಾ ಹೋದೆ. 1993ರಲ್ಲಿ ರೋಜರ್ ಸೇಲ್ ಎಂಬ ಬ್ರಿಟನ್ನಿನ ವಿದ್ಯಾರ್ಥಿ ರಾಸ್‌ಮೋಲ್ ಎಂಬ ತಂತ್ರಾಂಶವನ್ನು ಆಕರ ಸಮೇತ ಎಲ್ಲರಿಗೂ ಕೊಟ್ಟರು. ಅಲ್ಲಿಯವರೆಗೆ ಹೆಚ್ಚಾಗಿ ದುಬಾರಿ ಯಂತ್ರಗಳಲ್ಲಿ ತಿರುಗುತ್ತಿದ್ದ ಅಣು ಸಾಮಾನ್ಯ ಕಂಪ್ಯೂಟರಿಗೆ ಬಂತು. ಅದರ ಜೊತೆ ಒಂದು ಪುಟ್ಟ ಆಜ್ಞಾಭಾಷೆಯೂ ಬಂತು. ಸೆಲೆಕ್ಟ್, ಕಲರ್, ಸ್ಪೇಸ್‌ಫಿಲ್ ಎಲ್ಲ ಅದರ ಮಾತುಗಳು. ರಾಸ್‌ಮೋಲ್ ಬ್ರೌಸರಿನದ್ದಲ್ಲ, ಕಂಪ್ಯೂಟರಿನಲ್ಲಿ ಪ್ರತ್ಯೇಕವಾಗಿ ಓಡುವಂಥದ್ದು. ಅದು ಆ ಭಾಷೆಯ ಮೊದಲ ಮನೆ.

ಎರಡನೇ ಮನೆ ಚೈಮ್. 1996ರಲ್ಲಿ ಎಂಡಿಎಲ್ ಎಂಬ ಕಂಪನಿ ರಾಸ್‌ಮೋಲ್‌ನ ಆಕರದ ಮೇಲೆಯೇ ಕಟ್ಟಿ, ನೆಟ್‌ಸ್ಕೇಪ್ ಬ್ರೌಸರಿನ ಪ್ಲಗಿನ್ ಆಗಿ ಕೊಟ್ಟಿತು. ಅಣು ಜಾಲಪುಟದೊಳಗೆ ಬಂದದ್ದು ಹೀಗೆ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಎರಿಕ್ ಮಾರ್ಟ್ಸ್ ಅವರಂಥ ಅಧ್ಯಾಪಕರು ಇದರಲ್ಲಿ ಪಾಠಗಳನ್ನು ಕಟ್ಟಿದರು. ಅವರ ಪ್ರೋಟೀನ್ ಎಕ್ಸ್‌ಪ್ಲೋರರ್ ಒಂದು ಕಾಲಕ್ಕೆ ಬಹಳ ಹೆಸರು ಮಾಡಿತು. ಚೈಮ್ ಪುಕ್ಕಟೆ, ಆದರೆ ಅದರ ಆಕರ ಮುಚ್ಚಿದ್ದು. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ.

ಮೂರನೇ ಮನೆ ಜೆಮೋಲ್. ಜಾವಾದಲ್ಲಿ ಬರೆದದ್ದು, ಆಕರ ತೆರೆದದ್ದು, ಹಲವರು ಕೈ ಹಚ್ಚಿದ್ದು. ಜೆಮೋಲ್‌ನವರು ಮಾಡಿದ ದೊಡ್ಡ ಕೆಲಸ ಏನು ಅಂದ್ರೆ ರಾಸ್‌ಮೋಲ್-ಚೈಮ್ ಭಾಷೆಯನ್ನು ತಮ್ಮದಾಗಿ ಒಪ್ಪಿಕೊಂಡದ್ದು. ಹೊಸ ಪದಗಳನ್ನು ಸೇರಿಸಿದರು, ಹಳೆಯದನ್ನು ಬಿಡಲಿಲ್ಲ. ಚೈಮ್ ನಿಂತುಹೋದಾಗ ಅದರ ಪಾಠಗಳನ್ನು ಜೆಮೋಲ್‌ಗೆ ತರಲಿಕ್ಕೆ ಸಾಧ್ಯವಾದದ್ದು ಈ ಕಾರಣಕ್ಕೆ. ಅಕ್ಕ 2012ರಲ್ಲಿ ಬಳಸಿದ್ದು ಜೆಮೋಲ್‌ನ ಆಪ್ಲೆಟ್.

ನಾಲ್ಕನೇ ಮನೆ ಜೆಎಸ್‌ಮೋಲ್. ಸೇಂಟ್ ಓಲಾಫ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ಹ್ಯಾನ್ಸನ್ ಮತ್ತು ಜೊತೆಗಾರರು 2013ರ ಹೊತ್ತಿಗೆ ಜೆಮೋಲ್‌ನ ಜಾವಾ ಆಕರವನ್ನೇ ಜಾವಾಸ್ಕ್ರಿಪ್ಟಿಗೆ ಅನುವಾದಿಸಿದರು. ಅನುವಾದ ಅಂದದ್ದು ಅಲಂಕಾರಕ್ಕಲ್ಲ. ಜಾವಾ2ಸ್ಕ್ರಿಪ್ಟ್ ಎಂಬ ಸಲಕರಣೆ ಒಂದು ಭಾಷೆಯಲ್ಲಿದ್ದ ತಂತ್ರಾಂಶವನ್ನು ಇನ್ನೊಂದಕ್ಕೆ ತಂದುಕೊಡ್ತದೆ. ಹೊಸದಾಗಿ ಬರೆಯಬಹುದಿತ್ತು, ಬರೆದಿದ್ದರೆ ಇನ್ನೂ ಹಗುರ, ಇನ್ನೂ ವೇಗ ಆಗ್ತಿತ್ತೇನೋ. ಅನುವಾದಿಸಿದ್ದರಿಂದ ಹಳೆಯ ಭಾಷೆಯ ವ್ಯಾಕರಣ, ಅದರ ಅಪವಾದಗಳು ಎಲ್ಲ ಹಾಗೇ ಬಂದವು.

ಒಟ್ಟು, 1993ರಲ್ಲಿ ಬರೆದ ಒಂದು "ಸೆಲೆಕ್ಟ್ ವ್ಯಾಲ್6" ಇವತ್ತಿನ ಫೋನಿನ ಬ್ರೌಸರಿನಲ್ಲೂ ನಡೀತದೆ. ಅದನ್ನು ಮೊದಲು ಓದಿದ ಮನೆಯಲ್ಲಿ ಬ್ರೌಸರೇ ಇರಲಿಲ್ಲ.

4. ಮನೆಗಳು ಬಿದ್ದದ್ದು ಯಾಕೆ

ಇದನ್ನು ಹೇಳುವಾಗ ಸುಲಭವಾಗಿ ಖಳನಾಯಕರನ್ನು ಹುಡುಕಬಹುದು. ಕ್ರೋಮ್ 2015ರ ಏಪ್ರಿಲ್‌ನಲ್ಲಿ ಹಳೆಯ ಪ್ಲಗಿನ್ ವ್ಯವಸ್ಥೆಯನ್ನು ಮುಚ್ಚಿಟ್ಟು ಸೆಪ್ಟೆಂಬರಿನಲ್ಲಿ ಪೂರ್ತಿ ತೆಗೆಯಿತು. ಫೈರ್‌ಫಾಕ್ಸ್ 2017ರ ಮಾರ್ಚಿನಲ್ಲಿ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದವನ್ನು ತೆಗೆಯಿತು. ಒರಾಕಲ್ ಕಂಪನಿ ತನ್ನ ಜಾವಾದ ಬ್ರೌಸರ್ ಪ್ಲಗಿನನ್ನು 2018ರ ಆವೃತ್ತಿಯಿಂದ ಕೈಬಿಟ್ಟಿತು.

ಆದರೆ ಅವರಿಗೆ ಕಾರಣ ಇತ್ತು. ಪ್ಲಗಿನ್ ಅಂದರೆ ಬ್ರೌಸರಿನ ಒಳಗೆ ಹೊರಗಿನವರ ತಂತ್ರಾಂಶಕ್ಕೆ ಇಡೀ ಕಂಪ್ಯೂಟರಿನ ಬೀಗದ ಕೈ ಕೊಟ್ಟ ಹಾಗೆ. 2013ರ ಜನವರಿಯಲ್ಲಿ ಜಾವಾದ ಒಂದು ಭದ್ರತಾ ದೋಷದಿಂದಾಗಿ, ಬ್ರೌಸರಿನಲ್ಲಿ ಜಾವಾ ಆರಿಸಿಬಿಡಿ ಅಂತ ಅಮೆರಿಕ ಸರ್ಕಾರದ ಸೈಬರ್ ಸುರಕ್ಷಾ ವಿಭಾಗವೇ ಜನರಿಗೆ ಹೇಳಬೇಕಾಯ್ತು. ಐಫೋನಂತೂ ಜಾವಾ ಆಪ್ಲೆಟ್ಟನ್ನು ಯಾವತ್ತೂ ಒಳಗೆ ಬಿಟ್ಟಿರಲಿಲ್ಲ. ಹಾಗಾಗಿ ಬಾಗಿಲು ಮುಚ್ಚಿದ್ದು ತಪ್ಪು ಅಂತ ನಾನು ಹೇಳಲಾರೆ. ನನ್ನ ತಕರಾರು ಬೇರೆ. ಬಾಗಿಲು ಮುಚ್ಚುವ ತೀರ್ಮಾನ ಒಂದು ಕಡೆ ಆಗ್ತದೆ, ಅದರಿಂದ ಹೊರಗುಳಿಯುವವರು ಇನ್ನೊಂದು ಕಡೆ ಇರ್ತಾರೆ. ಗಡಿಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರಲ್ಲಿ ನಮ್ಮಜ್ಜನ ಮನೆ ಇದ್ದಲ್ಲೇ ಇತ್ತು, ರಾಜ್ಯ ಬದಲಾಯ್ತು. ಅರ್ಜಿ ಬರೆಯುವ ಭಾಷೆ ಬದಲಾಯ್ತು. ದೊಡ್ಡ ವಿಶ್ವವಿದ್ಯಾಲಯದಲ್ಲಿ ಪಾಠ ಕೆಟ್ಟರೆ ಸರಿಮಾಡಲಿಕ್ಕೆ ಯಾರಾದರೂ ತಂತ್ರಜ್ಞರು ಸಿಗ್ತಾರೆ. ವಯನಾಡಿನ ಶಾಲೆಯಲ್ಲಿ ಟೀಚರೇ ಎಲ್ಲ.

ಇಲ್ಲಿ ಚೈಮ್ ಮತ್ತು ಜೆಮೋಲ್ ನಡುವಿನ ವ್ಯತ್ಯಾಸಕ್ಕೆ ವಾಪಸ್ ಬರ್ತೇನೆ. ಎರಡೂ ಪ್ಲಗಿನ್ ನಂಬಿಕೊಂಡಿದ್ದವು, ಎರಡೂ ಮನೆ ಕಳೆದುಕೊಂಡವು. ಚೈಮ್‌ನ ಆಕರ ಮುಚ್ಚಿದ್ದರಿಂದ ಕಂಪನಿ ಕೈಬಿಟ್ಟ ದಿನ ಅದಕ್ಕೆ ಇನ್ನೊಂದು ಮನೆ ಕಟ್ಟಲಿಕ್ಕೆ ಹೊರಗಿನ ಯಾರಿಗೂ ಆಗ್ಲಿಲ್ಲ. ಜೆಮೋಲ್‌ನ ಆಕರ ತೆರೆದಿದ್ದರಿಂದ ಅನುವಾದ ಸಾಧ್ಯವಾಯ್ತು. ಪುಕ್ಕಟೆ ಕೊಡುವುದು ಬೇರೆ, ಪ್ರತಿ ಮಾಡಿಕೊಳ್ಳುವ ಹಕ್ಕು ಕೊಡುವುದು ಬೇರೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು ಅಂತ ನಾವು ಹೆಮ್ಮೆಯಿಂದ ಹೇಳ್ತೇವಲ್ಲ, ಅಲ್ಲಿ ಮುಖ್ಯ ಸಂಗತಿ ದಾನ ಅಷ್ಟೇ ಅಲ್ಲ. ಪ್ರತಿ ಯಾರ ಕೈಗೆ ಹೋಯ್ತೋ ಅವರು ಮತ್ತೊಂದು ಪ್ರತಿ ಮಾಡಿಕೊಳ್ಳಬಹುದಿತ್ತು.

5. ಈಗಿನ ತಂತ್ರಾಂಶಗಳು: ಒಂದು ವಿಮರ್ಶೆ

2011ರಲ್ಲಿ ವೆಬ್‌ಜಿಎಲ್ ಬಂತು. ಬ್ರೌಸರು ಪ್ಲಗಿನ್ ಇಲ್ಲದೆಯೇ ಕಂಪ್ಯೂಟರಿನ ಗ್ರಾಫಿಕ್ಸ್ ಚಿಪ್ ಬಳಸಿ ಮೂರು ಆಯಾಮದ ಚಿತ್ರ ಬರೆಯಬಹುದು ಎನ್ನುವ ಒಪ್ಪಿತ ನಿಯಮ ಅದು. ಇದು ಯಾವುದೇ ಒಂದು ಕಂಪನಿಯ ಸೊತ್ತಲ್ಲ, ಎಲ್ಲ ಮುಖ್ಯ ಬ್ರೌಸರುಗಳೂ ಪಾಲಿಸುವ ಮಾನಕ. ಇದರ ಮೇಲೆ 3ಡಿಮೋಲ್, ಎನ್‌ಜಿಎಲ್, ಲೈಟ್‌ಮೋಲ್ ಎಲ್ಲ ಬಂದವು. 2018ರಲ್ಲಿ ಪ್ರೋಟೀನ್ ಡೇಟಾ ಬ್ಯಾಂಕಿನ ಅಮೆರಿಕ ಮತ್ತು ಯುರೋಪಿನ ಕೇಂದ್ರಗಳು ಒಟ್ಟು ಸೇರಿ ಮೋಲ್‌ಸ್ಟಾರ್ ಶುರು ಮಾಡಿದವು. ಇವತ್ತು ಭಂಡಾರದ ಜಾಲತಾಣದಲ್ಲಿ ಯಾವ ರಚನೆ ತೆರೆದರೂ ತೋರಿಸುವುದು ಇದೇ.

ಮೋಲ್‌ಸ್ಟಾರ್ ಬಗ್ಗೆ ನನ್ನ ಅಭಿಪ್ರಾಯ ಎರಡು ಬಗೆ. ಅದರ ಬಲ ದೊಡ್ಡದು. ಲಕ್ಷಗಟ್ಟಲೆ ಪರಮಾಣುಗಳಿರುವ ರಚನೆಯನ್ನು ಅದು ಸಲೀಸಾಗಿ ತಿರುಗಿಸ್ತದೆ. ಜೆಎಸ್‌ಮೋಲ್‌ಗೆ ಅದು ಕಷ್ಟ, ಏದುಸಿರು ಬಿಡ್ತದೆ. ಎರಡನೆಯದಾಗಿ ಮೋಲ್‌ಸ್ಟಾರ್ ಹಿಂದೆ ಸಂಸ್ಥೆಗಳಿವೆ. ಜೆಎಸ್‌ಮೋಲ್‌ನ ಹೆಚ್ಚಿನ ಭಾರ ಒಬ್ಬ ಪ್ರಾಧ್ಯಾಪಕರ ಹೆಗಲ ಮೇಲಿದೆ. ಒಬ್ಬ ಲಿಪಿಕಾರನನ್ನು ನಂಬಿಕೊಂಡ ಪರಂಪರೆ ಎಷ್ಟು ಅಪಾಯದ್ದು ಅಂತ ನಮಗೆ ಗೊತ್ತಿರುವುದೇ. ನನ್ನ ವಾದಕ್ಕೆ ಇದು ಅನನುಕೂಲ, ಆದರೂ ಹೇಳಬೇಕು.

ಕೊರತೆ ಇರುವುದು ಎರಡನೇ ಪದರದಲ್ಲಿ, ಅಂದರೆ ವ್ಯಾಖ್ಯಾನದಲ್ಲಿ. ಮೋಲ್‌ಸ್ಟಾರ್ ಬಂದಾಗ ರಾಸ್‌ಮೋಲ್‌ನ ಭಾಷೆಯನ್ನು ತನ್ನ ಮನೆಮಾತಾಗಿ ತೆಗೆದುಕೊಳ್ಳಲಿಲ್ಲ. ನೋಡುವವರಿಗೆ ಗುಂಡಿ, ಪಟ್ಟಿಗಳು. ಪಾಠ ಕಟ್ಟುವವರಿಗೆ ಜಾವಾಸ್ಕ್ರಿಪ್ಟ್. ಟೀಚರ್ ಒಬ್ಬಳು ಸಂಜೆ ಕೂತು ಕಲಿಯಬಹುದಾದ ಮೂರು ಪದದ ವಾಕ್ಯ ಅಲ್ಲಿ ಮುಂಬಾಗಿಲಲ್ಲಿ ಇಲ್ಲ. ಇತ್ತೀಚೆಗೆ ಇದನ್ನು ಅವರೇ ಗುರುತಿಸಿದ ಹಾಗಿದೆ. ಮೋಲ್‌ವ್ಯೂಸ್ಪೆಕ್ ಅಂತ ಒಂದು ರೂಪ ತಂದಿದ್ದಾರೆ. ಯಾವ ರಚನೆ, ಅದರ ಯಾವ ಭಾಗ, ಯಾವ ಬಣ್ಣ, ಯಾವ ಕೋನ ಎಂಬುದನ್ನು ತಂತ್ರಾಂಶದಿಂದ ಬೇರೆಯಾಗಿ, ಓದಬಲ್ಲ ಅಕ್ಷರಗಳಲ್ಲಿ ಬರೆದಿಡುವ ಕ್ರಮ ಇದು. ಜೆಮೋಲ್‌ನ ಆಯ್ಕೆವಾಕ್ಯಗಳನ್ನು ಅರ್ಥಮಾಡಿಕೊಳ್ಳುವ ದುಭಾಷಿಯೂ ಮೋಲ್‌ಸ್ಟಾರ್ ಒಳಗೆ ಇದೆ. ದಿಕ್ಕು ಸರಿ ಇದೆ. ನನ್ನ ದೃಷ್ಟಿಯಲ್ಲಿ ಮೋಲ್‌ಸ್ಟಾರ್‌ನ ಭವಿಷ್ಯ ಅದರ ವೇಗಕ್ಕಿಂತ ಹೆಚ್ಚಾಗಿ ಈ ಸಣ್ಣ ಕೆಲಸದ ಮೇಲೆ ನಿಂತಿದೆ. ವೆಬ್‌ಜಿಎಲ್ ಕೂಡ ಒಂದು ಮನೆಯೇ. ಅದರ ಪಕ್ಕ ವೆಬ್‌ಜಿಪಿಯು ಎಂಬ ಹೊಸ ಮನೆ ಆಗಲೇ ಎದ್ದಿದೆ.

6. ಪಾಠಾಂತರದ ಪ್ರಶ್ನೆ

ಒಂದು ತಪ್ಪು ಕಲ್ಪನೆ ಇದೆ. ಮೂಲ ಸುರಕ್ಷಿತ ಇದ್ದರೆ ಸಾಕು, ವ್ಯಾಖ್ಯಾನವನ್ನು ಯಾವಾಗ ಬೇಕಾದರೂ ಹೊಸದಾಗಿ ಬರೆದುಕೊಳ್ಳಬಹುದು ಅಂತ. ಎರಡು ಕಾರಣಕ್ಕೆ ಇದು ಸರಿಯಲ್ಲ.

ಮೊದಲನೆಯದು, ಮೂಲವೂ ಅಲುಗಾಡದೆ ಇರುವುದಿಲ್ಲ. 2007ರಲ್ಲಿ ಭಂಡಾರದವರು ಇಡೀ ಸಂಗ್ರಹವನ್ನು ಪರಿಷ್ಕರಿಸಿದರು. ಅಲ್ಲಿಯವರೆಗೆ ಡಿಎನ್‌ಎ ಮತ್ತು ಆರ್‌ಎನ್‌ಎ ಎರಡರಲ್ಲೂ ಅಡೆನಿನ್ನಿನ ಘಟಕಕ್ಕೆ ಎ ಅಂತಲೇ ಹೆಸರು. ಪರಿಷ್ಕರಣೆಯಲ್ಲಿ ಡಿಎನ್‌ಎಯದ್ದು ಡಿಎ ಆಯ್ತು. ಒಳ್ಳೆಯ ತಿದ್ದುಪಡಿ, ಗೊಂದಲ ಕಡಿಮೆ ಆಯ್ತು. ಆದರೆ ಹಳೆಯ ಹೆಸರನ್ನು ನಂಬಿ ಬರೆದ ಆಜ್ಞೆಗೆ ಹೊಸ ಕಡತದಲ್ಲಿ ಡಿಎನ್‌ಎಯ ಆ ಘಟಕ ಸಿಗುವುದೇ ಇಲ್ಲ. ಹಾಗಾಗಿ ವ್ಯಾಖ್ಯಾನದ ಜೊತೆ ಅದು ಯಾವ ಪ್ರತಿಗೆ ಬರೆದ ವ್ಯಾಖ್ಯಾನ ಎಂದೂ ಬರೆದಿಡಬೇಕು. ಅಕ್ಕ ತಿಳಿದೋ ತಿಳಿಯದೆಯೋ ದತ್ತಾಂಶದ ಕಡತವನ್ನೂ ಪಾಠದ ಜೊತೆಗೇ ಇಟ್ಟಿದ್ದಳು. ಅದರಿಂದ ಬಚಾವಾಯ್ತು.

ಎರಡನೆಯದು, ವ್ಯಾಖ್ಯಾನ ಅಂದರೆ ಅಲಂಕಾರ ಅಲ್ಲ, ಅದೊಂದು ತಿಳಿವು. ಸಿಕಲ್ ಹಿಮೋಗ್ಲೋಬಿನ್ನಿನ 2ಎಚ್‌ಬಿಎಸ್ ಎಂಬ ರಚನೆ ಭಂಡಾರದಲ್ಲಿದೆ. ತೆರೆದು ನೋಡಿದರೆ ಎಂಟು ಸರಪಳಿಗಳ ಒಂದು ಗೋಜಲು. ಎಲ್ಲಿ ನೋಡಬೇಕು ಗೊತ್ತಾಗುವುದಿಲ್ಲ. ಅಕ್ಕನ ನಾಲ್ಕನೇ ಗುಂಡಿ ಒತ್ತಿದರೆ ಒಂದು ಅಣುವಿನ ಹಳದಿ ವ್ಯಾಲೀನ್ ಪಕ್ಕದ ಅಣುವಿನ 85ನೇ ಫಿನೈಲಲನೀನ್, 88ನೇ ಲ್ಯೂಸೀನ್ ಇರುವ ತಗ್ಗಿನೊಳಗೆ ಕೂತಿರುವುದು ಕಾಣ್ತದೆ. ಐದನೇ ಗುಂಡಿ ಇನ್ನೊಂದು ಹೇಳ್ತದೆ. ಒಂದು ಅಣುವಿನಲ್ಲಿ ಇಂಥ ವ್ಯಾಲೀನ್ ಎರಡಿದ್ದರೂ ಹೀಗೆ ಪಕ್ಕದ ತಗ್ಗಿಗೆ ಸೇರುವುದು ಒಂದೇ. ಅಣು ಆಮ್ಲಜನಕ ಬಿಟ್ಟುಕೊಟ್ಟಾಗ ಈ ತಗ್ಗು ತೆರೆದುಕೊಳ್ತದೆ, ಅಣುಗಳು ಸಾಲುಗಟ್ಟಿ ಎಳೆಯಾಗ್ತವೆ, ಕಣ ಬಾಗುತ್ತದೆ. ಆ ಹುಡುಗಿ ಕೇಳಿದ್ದು ಇದನ್ನೇ: ಎಲ್ಲಿ ಅಂಟಿಕೊಳ್ಳೋದು? ಉತ್ತರ ದತ್ತಾಂಶದಲ್ಲಿ ಇತ್ತು. ಆದರೆ ಆ ಉತ್ತರದ ಕಡೆ ಬೆರಳು ತೋರಿಸಿದ್ದು ನಾಲ್ಕನೇ ಗುಂಡಿ.

ಇಂಥ ನೋಟಗಳನ್ನು ಕೃತಿ ಅಂತ ಗುರುತಿಸಿದವರು ಇಲ್ಲದಿಲ್ಲ. 1992ರಲ್ಲಿ ಪ್ರೋಟೀನ್ ಸೈನ್ಸ್ ಪತ್ರಿಕೆ ಶುರುವಾದಾಗ ಡೇವಿಡ್ ಮತ್ತು ಜೇನ್ ರಿಚರ್ಡ್‌ಸನ್ ದಂಪತಿ ಕೈನಮೇಜ್ ಎಂಬ ರೂಪ ಕೊಟ್ಟರು. ಲೇಖಕರೇ ಬರೆದ ನೋಟಗಳು ಫ್ಲಾಪಿಯಲ್ಲಿ ಪತ್ರಿಕೆಯ ಜೊತೆ ಓದುಗರ ಮನೆಗೆ ಹೋಗ್ತಿದ್ದವು. ಫ್ಲಾಪಿ ಹೋಯ್ತು. ಕೈನಮೇಜ್ ಸಾದಾ ಅಕ್ಷರದ ಕಡತ ಆದ್ದರಿಂದ ಅದನ್ನು ಓದುವ ತಂತ್ರಾಂಶ ಮತ್ತೆ ಮತ್ತೆ ಬರೆಯಲಿಕ್ಕೆ ಆಯ್ತು. ಇನ್ನೊಂದು ಉದಾಹರಣೆ ಪ್ರೋಟಿಯೋಪೀಡಿಯಾ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಹುಟ್ಟಿದ ವಿಕಿ. ಓದುತ್ತಾ ಹಸಿರು ಪದ ಒತ್ತಿದರೆ ಪಕ್ಕದ ಅಣು ತಿರುಗಿ ಆ ಭಾಗ ತೋರಿಸ್ತದೆ. ಆಪ್ಲೆಟ್ಟುಗಳ ಕಾಲ ಮುಗಿದಾಗ ಅದು ಜೆಎಸ್‌ಮೋಲ್‌ಗೆ ದಾಟಿತು, ಹಸಿರು ಪದಗಳು ಹಾಗೇ ಉಳಿದವು. ಅಲ್ಲಿನ ನೋಟಗಳೆಲ್ಲ ಒಂದು ಭಾಷೆಯಲ್ಲಿ ಬರೆದಿದ್ದರಿಂದ ಒಟ್ಟಾಗಿ ದಾಟಿಸಲು ಆಯ್ತು.

7. ದುರಸ್ತಿ ಮತ್ತು ಅದರಿಂದ ಕಲಿತದ್ದು

ಕಳೆದ ವರ್ಷ ರಜೆಯಲ್ಲಿ ನಾವಿಬ್ಬರೂ ಕೂತು ಪಾಠವನ್ನು ಸರಿಮಾಡಿದೆವು. ಜೆಮೋಲ್ ಆಪ್ಲೆಟ್ಟಿನ ಜಾಗದಲ್ಲಿ ಜೆಎಸ್‌ಮೋಲ್ ಇಟ್ಟೆವು. ಗುಂಡಿ ಕರೆಯುವ ಕೆಲವು ಸಾಲು ಮಾತ್ರ ಬದಲಾಯ್ತು, ಗುಂಡಿಯೊಳಗಿನ ಆಜ್ಞೆ ಒಂದಕ್ಷರ ಬದಲಾಗಲಿಲ್ಲ. ಕನ್ನಡವನ್ನು ಯೂನಿಕೋಡಿಗೆ ಪರಿವರ್ತಿಸಿ ಒತ್ತಕ್ಷರಗಳನ್ನು ಕೈಯಲ್ಲಿ ತಿದ್ದಿದೆವು. ನಿಜ ಹೇಳಬೇಕಂದ್ರೆ ಅಣುವಿಗಿಂತ ಕನ್ನಡಕ್ಕೆ ಹೆಚ್ಚು ಸಮಯ ಹಿಡೀತು. 1991ರಲ್ಲೇ ಯೂನಿಕೋಡಿನಲ್ಲಿ ಕನ್ನಡ ಇತ್ತು, ನಾವು ಬಹಳ ಕಾಲ ಬೇರೆ ಮನೆಗಳಲ್ಲಿದ್ದೆವು.

ಒಂದು ತೊಡಕು ಬಂತು. ಪೆನ್‌ಡ್ರೈವಿನಿಂದ ನೇರ ತೆರೆದರೆ ಬ್ರೌಸರು ಭದ್ರತೆಯ ಕಾರಣಕ್ಕೆ ಪಕ್ಕದ ಕಡತವನ್ನು ಓದಲಿಕ್ಕೆ ಬಿಡ್ಲಿಲ್ಲ. ಕಂಪ್ಯೂಟರಿನೊಳಗೇ ಒಂದು ಸಣ್ಣ ಸರ್ವರ್ ಓಡಿಸಬೇಕಾಯ್ತು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶವೇ ಇರುವುದರಿಂದ ಪೈಥಾನ್ ಇತ್ತು, ಒಂದು ಸಾಲಿನ ಆಜ್ಞೆಯಲ್ಲಿ ಕೆಲಸ ಆಯ್ತು. ಆದರೆ ಆ ಒಂದು ಸಾಲು ಗೊತ್ತಿಲ್ಲದ ಟೀಚರಿಗೆ ಮತ್ತೆ ಅದೇ ಬೂದು ಚೌಕ.

ಇದರಿಂದ ನಾನು ಯಾವುದೇ ಅಣುವೀಕ್ಷಕ ತಂತ್ರಾಂಶಕ್ಕೆ ಕೇಳುವ ಪ್ರಶ್ನೆಗಳು ಹುಟ್ಟಿದವು. ನೋಟವನ್ನು ಅದು ಓದಬಲ್ಲ ಅಕ್ಷರಗಳಲ್ಲಿ ಬರೆದಿಡ್ತದಾ? ಆ ಬರಹವನ್ನು ಓದಬಲ್ಲ ತಂತ್ರಾಂಶ ಕನಿಷ್ಠ ಇನ್ನೊಂದು ಇದೆಯಾ? ಆಕರ ತೆರೆದಿದೆಯಾ, ಬೇರೆಯವರು ಮನೆ ಕಟ್ಟಬಹುದಾ? ಇಂಟರ್‌ನೆಟ್ ಇಲ್ಲದ ಕೋಣೆಯಲ್ಲಿ ನಡೀತದಾ? ದತ್ತಾಂಶದ ಯಾವ ಪ್ರತಿ ಎಂಬುದು ದಾಖಲಾಗಿದೆಯಾ? ಈ ಐದಕ್ಕೂ ಹೌದು ಅನ್ನುವ ತಂತ್ರಾಂಶ ನಾಳೆ ನಿಂತುಹೋದರೂ ಅದರಲ್ಲಿ ಕಟ್ಟಿದ ಪಾಠ ಸಾಯುವುದಿಲ್ಲ. ದೀರ್ಘಾಯುಷ್ಯ ಅಂತ ನಾವು ಕೇಳಬೇಕಾದ್ದು ಪಾಠದ್ದು, ತಂತ್ರಾಂಶದ್ದಲ್ಲ.

ಇಷ್ಟು ಹೇಳಿ ನಿಲ್ಲಿಸ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.

ಸಂವಾದ

ಪ್ರಶ್ನೆ (ಹೊಸೂರಿನಿಂದ ಒಬ್ಬ ಅಧ್ಯಾಪಕರು): ಪುಸ್ತಕದಲ್ಲಿ ಒಂದು ಒಳ್ಳೆ ಚಿತ್ರ ಹಾಕಿದರೆ ಸಾಲದೇನಮ್ಮ? ಚಿತ್ರಕ್ಕೆ ಬ್ರೌಸರೂ ಬೇಡ, ಕರೆಂಟೂ ಬೇಡ.

ಉತ್ತರ: ಒಳ್ಳೆಯ ಮಾತು ಸರ್. ಚಿತ್ರ ಉಳೀತದೆ. ಜೇನ್ ರಿಚರ್ಡ್‌ಸನ್ ಅವರೇ 1981ರಲ್ಲಿ ಪ್ರೋಟೀನುಗಳನ್ನು ರಿಬ್ಬನ್ನಿನ ಹಾಗೆ ಕೈಯಲ್ಲಿ ಬರೆದು ಪ್ರಕಟಿಸಿದರು. ಇವತ್ತಿನ ಎಲ್ಲ ತಂತ್ರಾಂಶಗಳೂ ಅದೇ ಶೈಲಿಯಲ್ಲಿ ಬರೀತವೆ. ಆದ್ದರಿಂದ ಪ್ರತಿ ಪಾಠದ ಜೊತೆ ನಾಲ್ಕೈದು ನಿಶ್ಚಲ ಚಿತ್ರ ಇಡಲೇಬೇಕು, ನಾವೂ ಈಗ ಇಟ್ಟಿದ್ದೇವೆ. ಆದರೆ ಚಿತ್ರದಲ್ಲಿ ಬರೆದವರು ಕಂಡದ್ದು ಮಾತ್ರ ಇರ್ತದೆ. ಹಿಂದೆ ಏನಿದೆ ಅಂತ ಮಗು ಕೇಳಿದರೆ ಚಿತ್ರ ತಿರುಗುವುದಿಲ್ಲ.

ಪ್ರಶ್ನೆ (ಅಕ್ಕಲಕೋಟೆಯಿಂದ ಸಂಶೋಧನಾ ವಿದ್ಯಾರ್ಥಿ): ನಿಮ್ಮ ವಾದದ ಪ್ರಕಾರ ಎಲ್ಲರೂ 1993ರ ಭಾಷೆಯಲ್ಲೇ ಇರಬೇಕು ಅಂದಂಗಾತು. ಹೊಸ ಭಾಷೆ ಹುಟ್ಟಬಾರದೇನ್ರಿ?

ಉತ್ತರ: ಹಾಗಲ್ಲ ಅಣ್ಣ. ಹಳಗನ್ನಡದಲ್ಲೇ ಬರೆಯಬೇಕು ಅಂತ ಯಾರೂ ಹೇಳುವುದಿಲ್ಲ. ಹಳಗನ್ನಡ ಓದಬಲ್ಲವರು ಇರಬೇಕು ಅಂತ ಹೇಳ್ತೇವೆ. ಮೋಲ್‌ವ್ಯೂಸ್ಪೆಕ್ ಬೆಳೆಯಲಿ. ಹಳೆಯ ಆಜ್ಞೆಯನ್ನು ಅದಕ್ಕೆ ಪೂರ್ತಿಯಾಗಿ ಅನುವಾದಿಸುವ ಸಲಕರಣೆಯೂ ಜೊತೆಗೆ ಬೆಳೆಯಲಿ. ಅಷ್ಟೇ ನನ್ನ ಕೋರಿಕೆ.

ಪ್ರಶ್ನೆ (ಮಂಜೇಶ್ವರದಿಂದ ಒಬ್ಬರು): ಕಡೆಗೆ ಆ ಹುಡುಗಿಗೆ ಪಾಠ ತೋರಿಸಿದ್ರಾ?

ಉತ್ತರ: ಇಲ್ಲ. ಪಾಠ ಸರಿಯಾಗುವಷ್ಟರಲ್ಲಿ ಅವಳು ಶಾಲೆ ಮುಗಿಸಿ ಹೋಗಿದ್ದಳು. ಅಕ್ಕ ಆ ದಿನ ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದಳಂತೆ, ಎರಡು ಉಂಡೆ, ನಡುವೆ ಒಂದು ಕೊಕ್ಕೆ. ಈ ವರ್ಷದ ಮಕ್ಕಳು ನೋಡಿದ್ದಾರೆ. ಅವರಲ್ಲಿ ಕೆಲವರ ಮನೆಯಲ್ಲೂ ಈ ಕಾಯಿಲೆ ಇದೆ.